ದನದ ಮನೆಯ ಧೂಳು ಹುಡುಕುವವರ ಊರಿನಲ್ಲಿ

ವಿಮಾನದಲ್ಲಿ

ವಿಮಾನ ಮೇಲೇರಿ ಸ್ವಲ್ಪ ಹೊತ್ತಾಗಿತ್ತು. ಧ್ವನಿವರ್ಧಕದಲ್ಲಿ ಒಂದು ಹೆಣ್ಣುಮಗಳ ದನಿ ಕೇಳಿಸಿತು. ಈ ವಿಮಾನದಲ್ಲಿ ಶೇಂಗಾ ಒಗ್ಗದ ಮಗುವೊಂದು ಇದೆ, ದಯವಿಟ್ಟು ಯಾರೂ ಶೇಂಗಾ ಪೊಟ್ಟಣ ಬಿಚ್ಚಬೇಡಿ ಎಂದು ಇಂಗ್ಲಿಷಿನಲ್ಲೊಮ್ಮೆ, ಜರ್ಮನ್ ಭಾಷೆಯಲ್ಲೊಮ್ಮೆ ಹೇಳಿದಳು. ಹತ್ತುವಾಗ ನಾನೇ ಈ ವಿಷಯ ತಿಳಿಸಿದ್ದೆ. ನಮಗಷ್ಟೇ ಬೇರೆ ಊಟ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಪಕ್ಕದ ಸಾಲಿನ ಹಿರಿಯರೊಬ್ಬರು ಅದಾಗಲೇ ಪೊಟ್ಟಣ ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಿದ್ದರು. ಅವರು ಪೊಟ್ಟಣದ ಬಾಯಿ ಮಡಚಿ ಚೀಲದೊಳಗಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಕೂತರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಅದೇನು ಹೇಳಿದರು ಎಂದು ಅವ್ವ ಕೇಳಿದಳು. ಹೇಳಿದೆ. ಅವಳು ಕುತ್ತಿಗೆ ಎತ್ತಿ ಮುಂದಿನ ತಲೆಗಳನ್ನೆಲ್ಲ ಒಮ್ಮೆ ನೋಡಿದಳು.

"ಒಂದ ಕೂಸಿನ ಸಲುವಾಗಿ ಇಷ್ಟೂ ಮಂದಿಗೆ ಹೇಳಿದ್ರೇನ?"

"ಹೌದು ಬೇ."

ನಮ್ಮಿಬ್ಬರ ನಡುವೆ ಕೂತಿದ್ದ ಮಲ್ಲಿಕಾ, ಐದು ವರ್ಷದ ನನ್ನ ಮಗಳು, ತನ್ನ ಆಯಿಯ, ಅಂದರೆ ನನ್ನ ಅವ್ವನ, ಸೆರಗನ್ನು ಮುಖಕ್ಕೆ ಎಳೆದುಕೊಂಡು ನಿದ್ದೆ ಹೋಗಿದ್ದಳು.

ನಾನು ವಿಜಯಪುರದಲ್ಲಿ ಮಕ್ಕಳ ಡಾಕ್ಟರು. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮನೆ. ವಾರಕ್ಕೊಮ್ಮೆ ತಿಕೋಟಾಕ್ಕೆ ಹೋಗಿ ಅಲ್ಲಿನ ಮಕ್ಕಳನ್ನೂ ನೋಡುತ್ತೇನೆ. ಮಕ್ಕಳ ಅಲರ್ಜಿ ಕಾಯಿಲೆಗಳ ಬಗ್ಗೆ ಈಗ ಏನೇನು ಸಂಶೋಧನೆ ನಡೆದಿದೆ ಎಂದು ಕಲಿಯಲು ಜರ್ಮನಿಯ ಒಂದು ಮಕ್ಕಳ ಆಸ್ಪತ್ರೆಗೆ ಹೋಗುವ ಅವಕಾಶ ಬಂದಿತ್ತು. ಗಂಡನಿಗೆ ಮಣೂಕದ, ಒಣದ್ರಾಕ್ಷಿಯ ವ್ಯಾಪಾರ, ಅದು ಮಾರಾಟದ ಕಾಲ, ಅವರು ಬರುವಂತಿರಲಿಲ್ಲ. ಮಲ್ಲಿಯನ್ನು ನೋಡಿಕೊಳ್ಳಲು ಬಬಲೇಶ್ವರದಿಂದ ಅವ್ವ ಹೊರಟಳು.

ಇದರ ಹಿಂದೆ ಇನ್ನೊಂದು ಸಂಗತಿ ಇತ್ತು. ಮಲ್ಲಿಗೆ ಮೂರು ವರ್ಷವಿದ್ದಾಗ ಬಬಲೇಶ್ವರದಲ್ಲಿ ಅವ್ವ ಕೊಟ್ಟ ಶೇಂಗಾ ಉಂಡಿ ತಿಂದು ಅವಳ ತುಟಿ ಬಾತು, ಮೈತುಂಬ ದದ್ದು ಎದ್ದು, ಉಸಿರು ಸಿಕ್ಕಿಕೊಂಡಿತ್ತು. ಪಕ್ಕದ ಮನೆಯವರ ಗಾಡಿಯಲ್ಲಿ ವಿಜಯಪುರಕ್ಕೆ ತಂದರು. ಇಂಜೆಕ್ಷನ್ ಕೊಟ್ಟದ್ದು ನಾನೇ. ಬಿಸಿಲಿಗೆ ಪಿತ್ತ ಎದ್ದದ್ದು ಎಂದೇ ಅವ್ವ ಬಹಳ ದಿನ ಹೇಳುತ್ತಿದ್ದಳು. ಆಮೇಲೆ ನಾನು ಮಲ್ಲಿಯನ್ನು ಒಂದು ರಾತ್ರಿಯೂ ಬಬಲೇಶ್ವರದಲ್ಲಿ ಬಿಟ್ಟಿರಲಿಲ್ಲ. ಅವ್ವ ಬಿಡು ಎಂದು ಕೇಳಿರಲಿಲ್ಲ, ನಾನು ಯಾಕೆ ಬಿಡುವುದಿಲ್ಲ ಎಂದು ಹೇಳಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಮಗುವಿಗೆ ಶೇಂಗಾ ಒಗ್ಗುವುದಿಲ್ಲ ಎಂದರೆ ನೀರು ಒಗ್ಗುವುದಿಲ್ಲ ಎಂದಂತೆ ಜನ ನೋಡುತ್ತಾರೆ. ಚಟ್ನಿ, ಹೋಳಿಗೆ, ಉಂಡಿ ಇರಲಿ, ಬದನೆಕಾಯಿ ಪಲ್ಯದ ರಸಕ್ಕೂ ಶೇಂಗಾ ಪುಡಿ ಬೇಕು. ಮದುವೆ ಮನೆಗಳಿಗೆ ನಾನು ಮಲ್ಲಿಯ ಊಟವನ್ನು ಡಬ್ಬಿಯಲ್ಲಿ ಒಯ್ಯುತ್ತೇನೆ. ಡಾಕ್ಟರ ಮಗಳು ನೋಡ್ರಿ, ಅದಕ್ಕ ಇಷ್ಟ ನಾಜೂಕು ಎಂದು ಹಿಂದಿನಿಂದ ಯಾರಾದರೂ ಅನ್ನುತ್ತಾರೆ.

ಮಕ್ಕಳ ಆಸ್ಪತ್ರೆ

ನಾವು ಇಳಿದದ್ದು ಜರ್ಮನಿಯ ದಕ್ಷಿಣದ ಒಂದು ಊರಿನಲ್ಲಿ. ದೂರದಲ್ಲಿ ಹಿಮದ ಬೆಟ್ಟ, ಹತ್ತಿರದಲ್ಲಿ ಹಸಿರು ಹುಲ್ಲುಗಾವಲು. ಆಸ್ಪತ್ರೆಯ ಪಕ್ಕದಲ್ಲೇ ಎರಡು ಕೋಣೆಯ ಮನೆ ಕೊಟ್ಟಿದ್ದರು. ಮೊದಲ ದಿನವೇ ಅವ್ವ ಬೇಳೆಗೆ ಒಗ್ಗರಣೆ ಹಾಕಿದಳು. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಬಿಲ್ಲೆಯಂಥ ಯಂತ್ರ ಕಿರುಚತೊಡಗಿತು. ಬೆಂಕಿ ಬಿದ್ದಿದೆಯೆಂದು ಮೇಲಿನ ಮನೆಯ ದಂಪತಿ ಚಪ್ಪಲಿಯಿಲ್ಲದೆ ಓಡಿಬಂದರು. ಅವ್ವ ಸೌಟು ಹಿಡಿದುಕೊಂಡೇ ಬಾಗಿಲು ತೆರೆದಳು. ಗಂಡಸು ಕುರ್ಚಿ ಹತ್ತಿ ಯಂತ್ರ ನಿಲ್ಲಿಸಿದ, ಹೆಂಡತಿ ಕಿಟಕಿ ತೆರೆದಳು, ಇಬ್ಬರೂ ಮೂರು ಸಲ ಸೀನಿ ನಗುತ್ತ ಹೋದರು. ಮರುದಿನದಿಂದ ಒಗ್ಗರಣೆಗೆ ಮುಂಚೆ ಅವ್ವ ಕಿಟಕಿ ತೆರೆಯುತ್ತಿದ್ದಳು.

ನನಗೆ ಕಲಿಸಿದವರು ಅಲರ್ಜಿ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಹಾನ್ನಾ. ಅರವತ್ತರ ಹತ್ತಿರದ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಕಾಲಿಗೆ ಓಡುವವರ ಬೂಟು. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮೊದಲ ಪಾಠವನ್ನೇ ಅವರು ತಮ್ಮಂಥ ಡಾಕ್ಟರುಗಳು ತಾಯಂದಿರಿಗೆ ಹಿಂದೆ ಕೊಟ್ಟಿದ್ದ ತಪ್ಪು ಸಲಹೆಯಿಂದ ಶುರು ಮಾಡಿದರು. ಕೂಸಿಗೆ ಮೊಟ್ಟೆ ಕೊಡಬೇಡಿ, ಶೇಂಗಾ ಕೊಡಬೇಡಿ, ದೊಡ್ಡದಾಗುವವರೆಗೆ ದೂರವಿಡಿ ಎಂದು ವರ್ಷಗಟ್ಟಲೆ ಹೇಳಿದೆವು ಎಂದರು. ಈಗ ತಿಳಿದಿರುವುದು ಬಹುಮಟ್ಟಿಗೆ ಅದಕ್ಕೆ ವಿರುದ್ಧ. ಮೊದಲ ವರ್ಷದಲ್ಲೇ, ಗಂಟಲಿಗೆ ಸಿಕ್ಕದಂತೆ ಅರೆದು, ಸ್ವಲ್ಪ ಸ್ವಲ್ಪ ತಿನ್ನಿಸಿದರೆ ಹೆಚ್ಚಿನ ಕೂಸುಗಳ ದೇಹ ಅದನ್ನು ಒಪ್ಪಿಕೊಳ್ಳುತ್ತದೆ. ಒಂದು ಆಹಾರ ಬಾಯಿಯಿಂದ ಮೊದಲು ಒಳಬಂದರೆ ದೇಹ ಅದರ ಗುರುತು ಮಾಡಿಕೊಳ್ಳುತ್ತದೆ, ಒಡೆದ ಚರ್ಮದಿಂದ ಮೊದಲು ನುಸುಳಿದರೆ ಶತ್ರುವೆಂದು ತಿಳಿಯುತ್ತದೆ ಎಂಬ ವಿಚಾರ ಈಗ ಬಲವಾಗಿದೆ. ಆದ್ದರಿಂದ ಕೂಸಿನ ಚರ್ಮದ ತುರಿಯನ್ನು ಬೇಗ ವಾಸಿ ಮಾಡುವುದರ ಮೇಲೆ ಎಲ್ಲರ ಕಣ್ಣು. ಈಗಾಗಲೇ ಅಲರ್ಜಿ ಬಂದ ಮಕ್ಕಳಿಗೆ ಅದೇ ಆಹಾರವನ್ನು ಸಾಸಿವೆಯಷ್ಟರಿಂದ ಶುರುಮಾಡಿ ಏರಿಸುತ್ತ ಹೋಗುವ ಚಿಕಿತ್ಸೆಯೂ ಬಂದಿದೆ. ಅದರ ಫಲ ಎಷ್ಟು ವರ್ಷ ಉಳಿಯುತ್ತದೆ ಎಂದು ಯಾರೋ ಕೇಳಿದರು. "ಗೊತ್ತಿಲ್ಲ, ನೋಡುತ್ತಿದ್ದೇವೆ" ಎಂದರು ಹಾನ್ನಾ.

ಅಲ್ಲಿದ್ದಷ್ಟು ದಿನವೂ ಆ 'ಗೊತ್ತಿಲ್ಲ'ವನ್ನು ನಾನು ಮೆಚ್ಚುತ್ತಲೇ ಇದ್ದೆ. ನಮ್ಮ ಕಡೆ ಡಾಕ್ಟರು ಗೊತ್ತಿಲ್ಲ ಎಂದರೆ ಕೂಸನ್ನು ಎತ್ತಿಕೊಂಡು ಎದುರಿನ ದವಾಖಾನೆಗೆ ನಡೆದುಬಿಡುತ್ತಾರೆ. ಅಲ್ಲಿ ತಾಯಿಯೊಬ್ಬಳು ಆ ಉತ್ತರ ಕೇಳಿ, ತಲೆಯಾಡಿಸಿ, ಮುಂದಿನ ಪ್ರಶ್ನೆ ಕೇಳಿದಳು.

ಇನ್ನೊಂದು ನೋಟವೂ ಮನಸ್ಸಿನಲ್ಲಿ ಉಳಿದಿದೆ. ದಮ್ಮಿನ ಮಕ್ಕಳು ಕಾಯುವ ಕೋಣೆಯಲ್ಲಿ ಒಬ್ಬ ಹುಡುಗಿ ತನ್ನ ಇನ್ಹೇಲರಿಗೆ ಚಿಟ್ಟೆಯ ಚಿತ್ರ ಅಂಟಿಸಿಕೊಂಡು ಎಲ್ಲರಿಗೂ ತೋರಿಸುತ್ತಿದ್ದಳು. ತಿಕೋಟಾದಲ್ಲಿ ನನ್ನ ಬಳಿ ಬರುವ ತಾಯಂದಿರು ಇನ್ಹೇಲರನ್ನು ಸೀರೆಯ ಗಂಟಿನಲ್ಲಿ ಬಚ್ಚಿಟ್ಟು ಒಯ್ಯುತ್ತಾರೆ. ಹೆಣ್ಣುಮಗುವಾದರೆ ಅಸ್ತಮಾ ಎಂಬ ಶಬ್ದ ಬರೀಬ್ಯಾಡ್ರಿ, ಕೆಮ್ಮು ಅಂತ ಬರೀರಿ ಎಂದು ಕೈಮುಗಿಯುತ್ತಾರೆ. ನಾಳೆ ಮದುವೆ ಆಗಬೇಕಲ್ಲ.

ಹಳ್ಳಿಯ ದನದ ಮನೆ

ರವಿವಾರ ಹಾನ್ನಾ ನಮ್ಮ ಮೂವರನ್ನೂ ಒಂದು ಹಳ್ಳಿಗೆ ಕರೆದೊಯ್ದರು. ದನಕರುಗಳ ನಡುವೆ ಬೆಳೆದ ಮಕ್ಕಳಿಗೆ ದಮ್ಮು, ಮೂಗು ಸೋರುವ ಅಲರ್ಜಿ ಕಡಿಮೆ ಎಂಬುದು ಅಲ್ಲಿ ಬಹಳ ದಿನಗಳಿಂದ ಕಂಡುಬಂದ ಸಂಗತಿ. ಯಾಕೆ ಎಂಬುದನ್ನು ಹುಡುಕುವುದು ಅವರ ಕೆಲಸದಲ್ಲೊಂದು. ನಾವು ಹೋದ ಮನೆಯ ಯಜಮಾನಿ ರೋಸಾ ಎಂಬ ಅಜ್ಜಿ. ಅಡುಗೆಮನೆಯಿಂದ ಒಂದು ಬಾಗಿಲು ದಾಟಿದರೆ ದನದ ಕೊಟ್ಟಿಗೆ. ಮನೆಗೂ ಕೊಟ್ಟಿಗೆಗೂ ಒಂದೇ ಸೂರು. ಅವ್ವನ ಮುಖ ಅರಳಿತು. ಬಬಲೇಶ್ವರದ ನಮ್ಮ ಹಳೆಯ ಮನೆಯಲ್ಲೂ ತಲಬಾಗಿಲು ದಾಟಿದ ಕೂಡಲೇ ಎತ್ತು ಎಮ್ಮೆ, ಮೇಲಿನ ಕಟ್ಟೆಯಲ್ಲಿ ನಾವು.

ಹಾನ್ನಾ ಜೊತೆ ಬಂದಿದ್ದ ಸಂಶೋಧಕಿಯೊಬ್ಬಳು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದ ಕೊಟ್ಟಿಗೆಯ ಕಿಟಕಿಯ ಅಂಚಿನ ಧೂಳನ್ನು ಹೀರಿ, ಪುಟ್ಟ ಕೊಳವೆಯಲ್ಲಿ ತುಂಬಿ, ಮುಚ್ಚಳ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ದನದ ಮನಿ ಧೂಳ ಒಯ್ಯಾಕ ಇಷ್ಟ ಸಾಮಾನ ತಂದಾರೇನ? ಬಬಲೇಶ್ವರಕ್ಕ ಬಾ ಅನ್ನು, ಚೀಲ ತುಂಬಿ ಕೊಡತೇನಿ."

ನಾನು ಅನುವಾದಿಸಿದೆ. ಹಾನ್ನಾ ಬಿದ್ದುಬಿದ್ದು ನಕ್ಕರು. ಆಮೇಲೆ ಗಂಭೀರವಾಗಿ, ನಿಮ್ಮ ಊರಿನ ಕೊಟ್ಟಿಗೆಗಳಲ್ಲಿ ಯಾರಾದರೂ ಇದನ್ನು ಮಾಡಿದ್ದಾರೆಯೇ ಎಂದು ನನ್ನನ್ನು ಕೇಳಿದರು. ನನಗೆ ತಿಳಿದಂತೆ ಇಲ್ಲ ಎಂದೆ. ಮಾಡಬೇಕಾದ ಕೆಲಸ ಎಂದರು.

ರೋಸಾಳ ಸೊಸೆ ಹಾಲು ಕರೆಯುತ್ತಿದ್ದಳು. ಅವಳ ಕೂಸು ಚಕ್ರದ ತೊಟ್ಟಿಲಲ್ಲಿ ಹಸುಗಳ ಎದುರಿಗೇ ಮಲಗಿತ್ತು. ಅವ್ವ ಒಂದು ಹಸುವಿನ ಗಂಗೆದೊಗಲು ತುರಿಸುತ್ತ ಕನ್ನಡದಲ್ಲಿ, ರೋಸಾ ತನ್ನ ಭಾಷೆಯಲ್ಲಿ, ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕರು ಎಷ್ಟು, ಹಾಲು ಎಷ್ಟು ಎಂಬುದನ್ನೆಲ್ಲ ಬೆರಳು ಎಣಿಸಿ ತಿಳಿದುಕೊಂಡರು. ಹಸಿ ಹಾಲನ್ನು ಮಾತ್ರ ಮಕ್ಕಳಿಗೆ ಕೊಡಬೇಡಿ, ಅದರಿಂದ ಬೇರೆ ರೋಗ ಬರುತ್ತವೆ ಎಂದು ಹಾನ್ನಾ ಇಬ್ಬರಿಗೂ ಎಚ್ಚರಿಸಿದರು.

ಚಹಾದ ಹೊತ್ತಿಗೆ ರೋಸಾ ದೊಡ್ಡ ಕೇಕು ತಂದಿಟ್ಟಳು. ಮಲ್ಲಿ ಕೈ ಚಾಚಿದಳು. ನಾನು ಬಾಯಿ ತೆರೆಯುವ ಮುಂಚೆಯೇ, ಮಲ್ಲಿಯ ವಿಷಯ ಹಾನ್ನಾರಿಂದ ಕೇಳಿದ್ದ ರೋಸಾ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ಹಾನ್ನಾರನ್ನು ಏನೋ ಕೇಳಿದಳು. ಕೇಕಿನಲ್ಲಿದ್ದದ್ದು ಅಲ್ಲಿನ ಕಾಡುಬೀಜ, ಶೇಂಗಾ ಅಲ್ಲ. ಆದರೂ ಮಲ್ಲಿ ಅದನ್ನು ಎಂದೂ ತಿಂದಿಲ್ಲ ಎಂದು ಕೇಳಿದ ಮೇಲೆ ರೋಸಾ ಆ ಕೇಕನ್ನೇ ಒಳಗೆ ಒಯ್ದು, ಚೂರಿ ತೊಳೆದು, ಬ್ರೆಡ್ಡು ಬೆಣ್ಣೆ ತಂದಳು. ಮೇಜಿನ ಸುತ್ತ ಕೂತ ಎಂಟು ಜನರೂ ಬ್ರೆಡ್ಡು ಬೆಣ್ಣೆಯನ್ನೇ ತಿಂದರು. ಒಬ್ಬರ ಮುಖದಲ್ಲೂ ಬೇಸರ ಕಾಣಲಿಲ್ಲ. ಅವ್ವ ರೋಸಾಳನ್ನೇ ನೋಡುತ್ತಿದ್ದಳು.

ಪಾಲಕರ ತರಗತಿ

ಎರಡನೆಯ ವಾರ ಆಸ್ಪತ್ರೆಯಲ್ಲಿ ತಂದೆತಾಯಿಗಳಿಗೆ ಒಂದು ತರಗತಿ ಇತ್ತು. ಹೊರಗೆ ಮಳೆ. ಅವ್ವ ಮಲ್ಲಿಯನ್ನು ಕರೆದುಕೊಂಡು ಹಿಂದಿನ ಬೆಂಚಿನಲ್ಲಿ ಕೂತಳು. ಭಾಷೆ ತಿಳಿಯದವರಿಗಾಗಿ ಹಾನ್ನಾ ಎಲ್ಲವನ್ನೂ ಚಿತ್ರಗಳಲ್ಲೇ ತೋರಿಸುತ್ತಿದ್ದರು. ಒಂದು ಚಿತ್ರದಲ್ಲಿ ಕೆನ್ನೆ, ಮೊಣಕೈ ಕೆಂಪಾಗಿ ಒರಟಾದ ಕೂಸು. ಮುಂದಿನದರಲ್ಲಿ ಆ ಕೂಸಿನ ಮೈಗೆ ಎಣ್ಣೆ ತಿಕ್ಕುತ್ತಿರುವ ಕೈ, ಪಕ್ಕದ ಶೀಸೆಯ ಮೇಲೆ ಶೇಂಗಾಕಾಯಿ. ಅದರ ಮುಂದಿನದರಲ್ಲಿ ಅದೇ ಕೂಸು ದೊಡ್ಡದಾಗಿ, ತುಟಿ ಬಾತುಕೊಂಡು.

ನಾನು ಹಿಂದಿರುಗಿ ನೋಡಿದೆ. ಅವ್ವ ಚಿತ್ರವನ್ನು ನೋಡುತ್ತಿದ್ದಳು.

ಮಲ್ಲಿ ಹುಟ್ಟಿದ ಮೇಲಿನ ತಿಂಗಳುಗಳನ್ನು ನಾನು ಬಬಲೇಶ್ವರದ ಬಾಣಂತಿ ಕೋಣೆಯಲ್ಲಿ ಕಳೆದಿದ್ದೆ. ಅವಳ ಕೆನ್ನೆ, ಮೊಣಕಾಲು ಎರಡನೆಯ ತಿಂಗಳಿಂದಲೇ ಒಡೆದು ತುರಿಸುತ್ತಿದ್ದವು. ಗಾಣದಿಂದ ತಂದ ಹೊಸ ಶೇಂಗಾ ಎಣ್ಣೆಯನ್ನು ಬೆಚ್ಚಗೆ ಮಾಡಿ ಅವ್ವ ದಿನಾಲೂ ಮೈಗೆ ತಿಕ್ಕಿ ನೀರೆರೆಯುತ್ತಿದ್ದಳು. ಅಷ್ಟು ಅಕ್ಕರೆಯಿಂದ ಮತ್ತೆ ಯಾರೂ ನನ್ನ ಮಗಳ ಮೈ ಮುಟ್ಟಿಲ್ಲ.

ಆ ಸಂಜೆ ಅವ್ವ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು.

ಪರೀಕ್ಷೆಯ ದಿನ

ಮಲ್ಲಿಯ ಕಥೆ ಕೇಳಿದ ಹಾನ್ನಾ ಮೊದಲ ವಾರವೇ ಒಂದು ಮಾತು ಹೇಳಿದ್ದರು. ಎರಡು ವರ್ಷದಿಂದ ನೀವು ಬರೀ ಹೆದರಿಕೆಯ ಮೇಲೆ ಬದುಕುತ್ತಿದ್ದೀರಿ, ಅವಳಿಗೆ ಎಷ್ಟು ಒಗ್ಗುತ್ತದೆ, ಎಷ್ಟು ಒಗ್ಗುವುದಿಲ್ಲ ಎಂದು ನಮ್ಮ ಕಣ್ಣೆದುರಿಗೆ ನೋಡೋಣವೇ ಎಂದು. ಗಂಡನಿಗೆ ಫೋನು ಮಾಡಿದೆ, ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು.

ಅದೊಂದು ಬಿಸಿಲಿನ ಬೆಳಗು. ಸೇಬಿನ ಗಂಜಿಯಲ್ಲಿ ಶೇಂಗಾ ಪುಡಿ ಬೆರೆಸಿ ಚಮಚದಲ್ಲಿ ಕೊಡುವುದು. ಸ್ವಲ್ಪ ಹೊತ್ತು ಕಾದು ನೋಡಿ ಮತ್ತೆ ಸ್ವಲ್ಪ ಹೆಚ್ಚು ಕೊಡುವುದು. ಮೊದಲ ಸಲ ಕಣ್ಣಿಗೂ ಕಾಣದಷ್ಟು. ನಾನು ಎಷ್ಟೋ ಮಕ್ಕಳಿಗೆ ಸೂಜಿ ಚುಚ್ಚಿದ್ದೇನೆ, ಎಷ್ಟೋ ತಾಯಂದಿರಿಗೆ ಧೈರ್ಯ ಹೇಳಿದ್ದೇನೆ. ಆ ದಿನ ಸ್ಟೂಲಿನ ಮೇಲೆ ಕೂತು ಮಗಳ ತುಟಿ, ಕುತ್ತಿಗೆಯನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಮಲ್ಲಿ ಮಾತ್ರ ಗಂಜಿ ತಿನ್ನುತ್ತ ದಾದಿಗೆ ಒಂದು, ಎರಡು, ಮೂರು ಕನ್ನಡದಲ್ಲಿ ಕಲಿಸುತ್ತಿದ್ದಳು.

ಮೂರನೆಯ ಬಟ್ಟಲು ಮುಗಿದು ಕಾಯುತ್ತಿದ್ದಾಗ ಅವ್ವ ಕುರ್ಚಿಯನ್ನು ಹಾನ್ನಾರ ಹತ್ತಿರ ಎಳೆದುಕೊಂಡಳು.

"ಈ ಡಾಕ್ಟರಮ್ಮಗ ಒಂದ ಮಾತ ಕೇಳು. ನಾ ಹಚ್ಚಿದ ಎಣ್ಣಿಯಿಂದನ ಮಲ್ಲಿಗೆ ಹಿಂಗ ಆತೇನ? ನೀ ನಡಕ ಬೆಲ್ಲ ಹಚ್ಚಿ ಹೇಳಬ್ಯಾಡ. ಆಕಿ ಹೆಂಗ ಹೇಳತಾಳ ಹಂಗ ಹೇಳು."

ನಾನು ಕೇಳಿದೆ. ಹಾನ್ನಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರು ಹೇಳಿದ್ದನ್ನು ಒಂದು ಶಬ್ದವೂ ಬಿಡದೆ ಅವ್ವನಿಗೆ ಹೇಳಿದೆ. "ಆಗಿರಬಹುದು. ಆಗದೆಯೂ ಇರಬಹುದು. ಸಾವಿರಾರು ಮಕ್ಕಳನ್ನು ನೋಡಿದಾಗ ಒಂದು ದಾರಿ ಕಾಣುತ್ತದೆ, ಒಂದೇ ಮಗುವಿಗೆ ಯಾಕಾಯಿತು ಎಂದು ನನಗೂ ಹೇಳಲಾಗುವುದಿಲ್ಲ. ನೀವು ಎಣ್ಣೆ ಹಚ್ಚಿದಾಗ ಇದನ್ನು ನಿಮಗೆ ಯಾರೂ ಹೇಳಿರಲಿಲ್ಲ."

ಅವ್ವ ಇನ್ನೊಂದು ಮಾತು ಕೇಳಿದಳು. "ಮತ್ತ ದನದ ಮನಿ ಧೂಳ ಕಾಯತೈತಿ ಅಂದ್ರಿ. ನಮ್ಮ ಕೂಸಿನ್ನ ಯಾಕ ಕಾಯಲಿಲ್ಲ?"

ಅದಕ್ಕೂ ಹಾನ್ನಾ ಗೊತ್ತಿಲ್ಲ ಎಂದೇ ಹೇಳಿದರು. ಹೇಳಿ, ಅವ್ವನ ಮೊಣಕೈ ಹಿಡಿದುಕೊಂಡು ಹಾಗೇ ಕೂತರು. ಅವ್ವ ಕಣ್ಣೊರೆಸಿಕೊಳ್ಳಲಿಲ್ಲ. ಕಣ್ಣೀರು ತಾನಾಗಿ ಇಳಿದು ತಾನಾಗಿ ನಿಂತಿತು.

ಐದನೆಯ ಬಟ್ಟಲಿನ ಬಳಿಕ ಮಲ್ಲಿ ಎಣಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅವ್ವಾ, ನಾಲಿಗಿಗೆ ಇರುವಿ ಕಡದಂಗ ಆಗಾಕತ್ತೈತಿ."

ದಾದಿ ಅಂಗಿ ಸರಿಸಿ ನೋಡುವಷ್ಟರಲ್ಲಿ ಕುತ್ತಿಗೆಯ ಮೇಲೆ ದದ್ದು ಎದ್ದಿದ್ದವು. ಆಮೇಲೆ ಕೆಮ್ಮು. ಹಾನ್ನಾ ಅವಸರ ಮಾಡಲಿಲ್ಲ, ತಡವನ್ನೂ ಮಾಡಲಿಲ್ಲ. ಪೆನ್ನಿನಂಥ ಇಂಜೆಕ್ಷನ್ನನ್ನು ತೊಡೆಯ ಹೊರಬದಿಗೆ ಒತ್ತಿ ಹಿಡಿದು, ಮಲ್ಲಿಯನ್ನು ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟರು. ಅವ್ವ ಮಲ್ಲಿಯ ಪಾದ ಹಿಡಿದುಕೊಂಡು ನಿಂತಿದ್ದಳು. ಎರಡು ವರ್ಷದ ಹಿಂದೆ ಗಾಡಿಯಲ್ಲಿ ಅರ್ಧ ತಾಸು ಅವಳೊಬ್ಬಳೇ ನೋಡಿದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು. ಕೆಮ್ಮು ನಿಂತಿತು. ಮಲ್ಲಿಯ ಕೆನ್ನೆಗೆ ಬಣ್ಣ ಮರಳಿತು. ಸ್ವಲ್ಪ ಹೊತ್ತಿಗೆ ಹಸಿವು ಎಂದಳು.

ಸಂಜೆತನಕ ಅಲ್ಲೇ ಇರಿಸಿಕೊಂಡರು. ಹಾನ್ನಾ ಅರ್ಥ ಬಿಡಿಸಿ ಹೇಳಿದರು: ಅಲರ್ಜಿ ಹೋಗಿಲ್ಲ. ಆದರೆ ಅವಳ ದೇಹ ಎದುರಾಡಿದ್ದು ನಾವು ಹೆದರಿದ್ದಕ್ಕಿಂತ ಬಹಳ ಹೆಚ್ಚು ತಿಂದ ಮೇಲೆ. ಪಕ್ಕದಲ್ಲಿ ಯಾರಾದರೂ ಶೇಂಗಾ ತಿಂದರೆ, ಅದೇ ಅಡುಗೆಮನೆಯಲ್ಲಿ ಡಬ್ಬಿ ಇದ್ದರೆ ಅಂಜಬೇಕಾಗಿಲ್ಲ. ಉಂಡಿ, ಚಟ್ನಿ ಬಾಯಿಗೆ ಹೋಗಬಾರದು. ಸ್ವಲ್ಪಸ್ವಲ್ಪ ತಿನ್ನಿಸುವ ಚಿಕಿತ್ಸೆಯನ್ನು ಊರಿಗೆ ಹೋಗಿ, ನಿಧಾನವಾಗಿ ವಿಚಾರ ಮಾಡಿ ಎಂದರು.

ನಾನು ಕೃತಜ್ಞತೆ ಹೇಳುತ್ತಿರುವಾಗ ಅವ್ವ ದಾದಿಯ ಹತ್ತಿರ ಹೋಗಿ, ತನ್ನ ತೊಡೆಗೆ ಬೆರಳು ಒತ್ತಿ ತೋರಿಸಿ, ನನಗೆ ಕಲಿಸು ಎಂದು ಸನ್ನೆ ಮಾಡುತ್ತಿದ್ದಳು. ದಾದಿ ಸೂಜಿಯಿಲ್ಲದ ಕಲಿಕೆಯ ಪೆನ್ನು ಕೊಟ್ಟಳು. ಅವ್ವ ಸೀರೆಯ ಮೇಲಿಂದಲೇ ತೊಡೆಗೆ ಒತ್ತಿದಳು. ಮೊದಲ ಸಲ ಬೇಗ ತೆಗೆದಳು, ದಾದಿ ಹಾಗಲ್ಲ ಎಂದು ತಲೆಯಾಡಿಸಿದಳು. ಎರಡನೆಯ ಸಲ ಪೆನ್ನನ್ನು ತಲೆಕೆಳಗಾಗಿ ಹಿಡಿದಳು. ಮತ್ತೆ, ಮತ್ತೆ ಮಾಡಿದಳು. ದಾದಿ ಸಾಕು ಎಂದರೂ ಬಿಡಲಿಲ್ಲ. ಮಲ್ಲಿ ಹಾಸಿಗೆಯ ಮೇಲಿಂದ, ಆಯಿ, ಇನ್ನೊಮ್ಮೆ ಎಂದು ಹೇಳುತ್ತಿದ್ದಳು.

ಬಬಲೇಶ್ವರ

ವಿಜಯಪುರಕ್ಕೆ ಬಂದಿಳಿದಾಗ ಬೇಸಿಗೆ ಇನ್ನೂ ಬಿಟ್ಟಿರಲಿಲ್ಲ. ಅವ್ವನನ್ನು ಊರಿಗೆ ಬಿಡಲು ಮಲ್ಲಿಯೊಂದಿಗೆ ಬಸ್ಸಿನಲ್ಲಿ ಹೋದೆ. ನಮ್ಮಲ್ಲಿ ಸುಲಭಕ್ಕೆ ಸಿಗದ ಆ ಇಂಜೆಕ್ಷನ್ ಪೆನ್ನುಗಳಲ್ಲಿ ಎರಡನ್ನು ತಂದಿದ್ದೆ. ಒಂದನ್ನು ಅವ್ವನಿಗೆ ಕೊಟ್ಟೆ. ಅವಳು ಅದನ್ನು ಬಿಸಿಲು ಬೀಳದ, ಎಲ್ಲರ ಕೈಗೂ ಎಟುಕುವ ಗೂಡಿನಲ್ಲಿಟ್ಟು, ಮನೆಯವರನ್ನೆಲ್ಲ ಕರೆದು ತೋರಿಸಿದಳು.

ಪಕ್ಕದ ಮನೆಯ ಶಾಂತಾ ಹೆರಿಗೆಗೆ ತವರಿಗೆ ಬಂದಿದ್ದಳು. ಊರು ಹೆಂಗಿತ್ತು ಎಂದು ಕೇಳಲು ಕೂಸನ್ನೆತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಎರೆಯುವ ಹೊತ್ತಾಗಿದ್ದರಿಂದ ಎಣ್ಣೆಯ ಬಟ್ಟಲೂ ಜೊತೆಗಿತ್ತು. ಕೂಸಿನ ಕೆನ್ನೆ ಒರಟಾಗಿ ಕೆಂಪಾಗಿದ್ದವು. ನಾನು ಬಾಯಿ ತೆರೆಯುವುದರೊಳಗೆ ಅವ್ವ ಬಟ್ಟಲನ್ನು ತೆಗೆದು ಹಿಂದೆ ಇಟ್ಟಳು.

"ಶಾಂತಾ, ಈ ಶೇಂಗಾ ಎಣ್ಣಿ ಹಚ್ಚಬ್ಯಾಡ. ನಾ ನಮ್ಮ ಮಲ್ಲಿಗೆ ಹಚ್ಚೀನಿ, ಆಕಿಗೆ ಹಿಂಗ ಆಗೇತಿ. ಎಣ್ಣಿಯಿಂದನ ಆತೋ ಇಲ್ಲೋ ಯಾರಿಗೂ ಗೊತ್ತಿಲ್ಲ, ಅಲ್ಲಿ ದೊಡ್ಡ ಡಾಕ್ಟರಗೂ ಗೊತ್ತಿಲ್ಲ. ಖರೆ ಕೂಸಿನ ತೊಗಲ ಒಡದೈತಿ. ಮದಲ ಅದನ್ನ ಮಾಯಿಸು."

ಶಾಂತಾ ನನ್ನ ಮುಖ ನೋಡಿದಳು. ಹೌದೇನ್ರಿ ಅಕ್ಕಾರ ಎಂದಳು. ಹೌದು ಎಂದೆ. ಕೂಸಿನ ಮೊಣಕೈ ತಿರುಗಿಸಿ ನೋಡಿ, ಹಚ್ಚಬೇಕಾದ ಮುಲಾಮು ಹೇಳಿ, ವಾರದೊಳಗೆ ಕರೆದುಕೊಂಡು ಬಾ ಎಂದೆ. ಕೂಸಿಗೆ ಆರು ತಿಂಗಳಾದ ಮೇಲೆ ಶೇಂಗಾ ಅರೆದು ತಿನ್ನಿಸುವುದು ಹೇಗೆ, ಎಷ್ಟು ಎಂಬುದನ್ನೂ ಆಗಲೇ ಹೇಳುತ್ತೇನೆ ಎಂದೆ.

ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಮಲ್ಲಿ ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ನಾನು ಅವಳನ್ನು ಕರೆಯಲಿಲ್ಲ. ಅವಳ ಬಟ್ಟೆಯ ಚೀಲವನ್ನು ಒಳಗಿನ ಗೂಟಕ್ಕೆ ತೂಗುಹಾಕಿದೆ.

"ಸಾಲಿ ಸುರು ಆಗೂ ತನಕ ಇಲ್ಲೇ ಇರಲಿ ಬೇ" ಎಂದೆ.

ಅವ್ವ ಹೂಂ ಎಂದಳು, ಅಷ್ಟೇ. ಎಮ್ಮೆ ಕಟ್ಟಿದ ಕಡೆಗೆ ಮಲ್ಲಿಯನ್ನು ಹುಡುಕಿಕೊಂಡು ಹೋದಳು. ನಾನೊಬ್ಬಳೇ ವಿಜಯಪುರದ ಬಸ್ಸು ಹತ್ತಿದೆ.